ಹಗಲಿನ ಸಿಹಿ, ಇರುಳಿನ ಹುಳಿ

ಕಪ್ಪು ದ್ರಾಕ್ಷಿಯೊಂದರ ಸಿಪ್ಪೆ ಸುಲಿದು ತಿರುಳನ್ನು ಹಿಂಡಿ ನೋಡಿ. ಬಹುತೇಕ ತಳಿಗಳ ರಸಕ್ಕೆ ಬಣ್ಣವೇ ಇರುವುದಿಲ್ಲ! ಕೆಂಪು ವೈನಿನ ಕೆಂಪೆಲ್ಲ ಸಿಪ್ಪೆಯದು. ರಸವನ್ನು ಸಿಪ್ಪೆಯೊಡನೆ ಹುದುಗಿಸಿದಾಗ ಆಂಥೋಸಯನಿನ್ ಎಂಬ ಬಣ್ಣವೂ ಟ್ಯಾನಿನ್ ಎಂಬ ಒಗರೂ ಅದಕ್ಕೆ ಇಳಿಯುತ್ತವೆ. ಪಾಲಕರು ಗಾಬರಿಯಾಗಬೇಕಿಲ್ಲ, ಇದು ಕುಡಿಯುವ ಮಾತಲ್ಲ, ಒಂದು ಹಣ್ಣಿನಲ್ಲಿ ಭೂಗೋಳ ಓದುವ ಮಾತು.

ಕೃಷ್ಣಾ ಕಣಿವೆಯಲ್ಲಿ ವಿಜಯಪುರ ದ್ರಾಕ್ಷಿಗೆ ಹೆಸರುವಾಸಿ. ಅದೇ ಕಣಿವೆಯ ಕೆಳಭಾಗದ ಸುರಪುರ, ಶಹಾಪುರ, ಯಾದಗಿರಿಗಳಲ್ಲಿ ವೈನ್ ದ್ರಾಕ್ಷಿ ಬೆಳೆದರೆ ಹೇಗಿದ್ದೀತು?

ಬಿಸಿಲಿಗೆ ಇಲ್ಲಿ ಬರವಿಲ್ಲ. ಬಿಸಿಲಿದ್ದರೆ ಸಕ್ಕರೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್. ತೊಡಕು ಇರುವುದು ರಾತ್ರಿಯಲ್ಲಿ. ಇರುಳೂ ಸೆಕೆಯಿದ್ದರೆ ಕಾಯಿ ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟಕ್ಕೆ ಸುಟ್ಟುಕೊಳ್ಳುತ್ತದೆ. ಬಣ್ಣವೂ ಸರಿಯಾಗಿ ಕೂಡುವುದಿಲ್ಲ. ಹಣ್ಣು ಸಿಹಿಯಾಗುತ್ತದೆ, ವೈನ್ ಸಪ್ಪೆಯಾಗುತ್ತದೆ. 1988ರಲ್ಲಿ ಆರಂಭವಾದ ಗ್ರೋವರ್ ಸಂಸ್ಥೆ ಫ್ರೆಂಚ್ ತಳಿಗಳಿಗೆ ನಂದಿಬೆಟ್ಟದ ತಪ್ಪಲನ್ನು ಆರಿಸಿದ್ದು ಸುಮ್ಮನಲ್ಲ: ಅದು ಸುಮಾರು 900 ಮೀಟರ್ ಎತ್ತರ. ಯಾದಗಿರಿ 400 ಮೀಟರಿನ ಆಸುಪಾಸು.

ಬಯಲುಸೀಮೆಯ ರೈತರು ಇದಕ್ಕೆ ಕತ್ತರಿಯಲ್ಲೇ ಉತ್ತರ ಕಂಡಿದ್ದಾರೆ. ಏಪ್ರಿಲ್‌ನಲ್ಲೊಮ್ಮೆ, ಅಕ್ಟೋಬರ್ ಸುಮಾರಿಗೆ ಇನ್ನೊಮ್ಮೆ ಬಳ್ಳಿ ಸವರುತ್ತಾರೆ. ಎರಡನೆಯ ಸವರಿಕೆಯ ಫಸಲು ಚಳಿಗಾಲದ ತಂಪಿನಲ್ಲಿ ಬೆಳೆದು ಫೆಬ್ರವರಿ-ಮಾರ್ಚ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಫ್ರಾನ್ಸಿನಲ್ಲಿ ಕೊಯ್ಲು ಸೆಪ್ಟೆಂಬರ್ ಆಸುಪಾಸಿನಲ್ಲಿ! ಇಲ್ಲಿ ತಡವಾದಷ್ಟೂ ಮಾರ್ಚ್ ಬಿಸಿಲು ಹುಳಿಯನ್ನು ಕದಿಯುತ್ತದೆ.

ಮಣ್ಣಿನ ಕತೆ ಬೇರೆ. ಶಹಾಪುರ, ಸುರಪುರಗಳ ಆಳವಾದ ಎರೆಭೂಮಿ ಮಳೆನೀರನ್ನು ಹಿಡಿದಿಟ್ಟು ಹಿಂಗಾರಿ ಜೋಳವನ್ನು ಸಾಕುತ್ತದೆ. ಜೋಳಕ್ಕೆ ಅದು ವರ, ವೈನ್ ದ್ರಾಕ್ಷಿಗೆ ಅಷ್ಟಲ್ಲ. ನೀರು ಹೆಚ್ಚಾದರೆ ಎಲೆ ಸೊಕ್ಕುತ್ತದೆ, ಕಾಯಿ ಉಬ್ಬುತ್ತದೆ. ರಸ ಹೆಚ್ಚಿ ಸಿಪ್ಪೆಯ ಪಾಲು ಇಳಿದು ಬಣ್ಣ ತೆಳುವಾಗುತ್ತದೆ. ಸಣ್ಣ ಕಾಯಿಯೇ ಮೇಲು. ನಾರಾಯಣಪುರದ ಬಸವಸಾಗರದ ಕಾಲುವೆ ಬಂದ ಮೇಲೆ ಭತ್ತ ಹಬ್ಬಿದ ಕಡೆ ಜೌಗು, ಸವಳು ಬೇರೆ. ಬರ, ಸವಳು ತಾಳುವ ಡಾಗ್‌ರಿಜ್ ಬೇರುಕಾಂಡದ ಮೇಲೆ ಕಸಿ ಕಟ್ಟುವುದು ರೂಢಿ. ಆದರೂ ನಿಂತ ನೀರಿನಲ್ಲಿ ಬೇರು ಉಸಿರುಗಟ್ಟುತ್ತದೆ.

ಹೀಗಾಗಿ ಕಾಲುವೆ ಕೆಳಗಿನ ಬೆಲೆಬಾಳುವ ಹೊಲಕ್ಕಿಂತ, ಯಾದಗಿರಿ ಕಡೆಯ ಗ್ರಾನೈಟ್ ಗುಡ್ಡಗಳ ಬುಡದ ಕೆಂಪು ಗರಸು ನೆಲಕ್ಕೇ ಹೆಚ್ಚು ಅಂಕ ಕೊಡಬೇಕೆನಿಸುತ್ತದೆ. ಚಪ್ಪರ, ಹನಿ ನೀರಾವರಿಗೆ ಸಾಲ ಮಾಡಿ ನೆಟ್ಟ ಬಳ್ಳಿ ಹತ್ತಾರು ವರ್ಷ ನಿಲ್ಲಬೇಕು. ಪರೀಕ್ಷೆಯಂತೂ ಸುಲಭ: ಮೊಣಕಾಲುದ್ದ ಗುಂಡಿ ತೋಡಿ ನೀರು ತುಂಬಿ, ಮರುದಿನ ಬೆಳಿಗ್ಗೆ ಹೋಗಿ ನೋಡುವುದು. ನೀರು ಹಾಗೆಯೇ ನಿಂತಿದ್ದರೆ ಅಲ್ಲಿ ಭತ್ತವೋ ಜೋಳವೋ ಇರಲಿ.