ಹಳೇ ಲ್ಯಾಪ್‌ಟಾಪ್ ಸರ್ವರ್ ಆಗ್ಬೇಕಾ? ಯಾವ ಓಎಸ್ ಹಾಕೋದು?

ಗೂಗಲ್ ಕೊಡೋ 15 ಜಿಬಿ ತುಂಬಿಹೋಯ್ತು, ಮನೇಲಿ ಹಳೇ ಲ್ಯಾಪ್‌ಟಾಪ್ ಬಿದ್ದಿದೆ, ಅದನ್ನೇ ಫೋಟೊ ಸರ್ವರ್ ಮಾಡ್ಕೊಳ್ಳೋಣ ಅನ್ನೋರು ಮೊದಲು ಕೇಳೋದು ಇದನ್ನೇ: ಯಾವ ಓಎಸ್ ಹಾಕ್ಲಿ?

ನನ್ನ ಉತ್ತರ ಡೆಬಿಯನ್. ಮೊದಲ ಸಲ ನಾನೂ ಅದನ್ನ ಹಾಕಿರ್ಲಿಲ್ಲ. ದಿನಾ ಹೊಸ ಅಪ್‌ಡೇಟ್ ಬರೋ ಒಂದು ಲಿನಕ್ಸ್ ಹಾಕಿದ್ದೆ. ಮೂರು ತಿಂಗಳು ಚೆನ್ನಾಗೇ ಇತ್ತು. ಅಜ್ಜಿ ತೀರಿಕೊಂಡಾಗ ಊರಿಗೆ ಹೋಗಿದ್ದೆ. ಸುಮ್ನೆ ಕೂತಿದ್ದವನು ಫೋನಿಂದಲೇ ಅಪ್‌ಡೇಟ್ ಕೊಟ್ಟೆ. ರೀಸ್ಟಾರ್ಟ್ ಆಗೋಕೆ ಹೋದ ಸರ್ವರ್ ಮತ್ತೆ ಮೇಲೇಳಲೇ ಇಲ್ಲ. ಅಜ್ಜಿಯ ಫೋಟೊ ಎಲ್ಲಾ ಅದರಲ್ಲೇ. 'ಫ್ರೇಮ್ ಹಾಕ್ಸೋಕೆ ಒಂದು ಒಳ್ಳೇ ಫೋಟೊ ಕೊಡೋ' ಅಂತ ಅಮ್ಮ ಎರಡು ಸಲ ಕೇಳಿದ್ರು. ಅತ್ತೆಯ ವಾಟ್ಸ್ಆ್ಯಪ್‌ನಲ್ಲಿದ್ದ ಮಸುಕು ಫೋಟೊಗೇ ಹಾರ ಬಿತ್ತು. ಡಿಸ್ಕ್ ಏನೂ ಕೆಟ್ಟಿರ್ಲಿಲ್ಲ, ಬೆಂಗಳೂರಿಗೆ ವಾಪಸ್ ಬಂದ್ಮೇಲೆ ಎಲ್ಲಾ ಸಿಕ್ತು. ಆದ್ರೆ ಬೇಕಾದ ದಿನ ಸಿಗ್ಲಿಲ್ಲ.

ಡೆಬಿಯನ್‌ನಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತೆ. ಒಂದೊಂದಕ್ಕೂ ಒಟ್ಟು ಐದು ವರ್ಷ ಭದ್ರತಾ ಅಪ್‌ಡೇಟ್. ನಡುವೆ ಬರೋದು ಹೆಚ್ಚಾಗಿ ತೇಪೆಗಳು ಮಾತ್ರ, ತಂತ್ರಾಂಶಗಳ ಆವೃತ್ತಿಯನ್ನ ಸಾಮಾನ್ಯವಾಗಿ ಮುಟ್ಟಲ್ಲ. 'ಹಾಗಾದ್ರೆ ಎಲ್ಲಾ ಹಳೇದೇ ಅಲ್ವಾ?' ಅಂತೀರಿ. ಹೌದು, ತಳ ಹಳೇದು. ಆದ್ರೆ ಫೋಟೊ ನೋಡೋ ಇಮಿಚ್‌ನಂಥ ಆ್ಯಪ್ ಡಾಕರ್ ಅನ್ನೋ ಡಬ್ಬಿಯೊಳಗೆ ಪ್ರತ್ಯೇಕವಾಗಿ ಓಡುತ್ತೆ. ಅದನ್ನ ಎಷ್ಟು ಬೇಕಾದ್ರೂ ಹೊಸದು ಮಾಡ್ಕೊಳ್ಳಿ. ಅದು ಕೆಟ್ರೂ ಸಿಸ್ಟಮ್ ಎದ್ದು ನಿಂತಿರುತ್ತೆ, ನೀವು ದೂರದಿಂದಲೇ ರಿಪೇರಿ ಮಾಡ್ಬಹುದು.

ಉಬುಂಟು ಎಲ್‌ಟಿಎಸ್‌ಗೂ ಐದು ವರ್ಷ ಉಂಟು, ಹಾಕಿದ್ರೆ ತಪ್ಪಿಲ್ಲ. ಟ್ರೂನ್ಯಾಸ್ ಕನಿಷ್ಠ 8 ಜಿಬಿ ರ‍್ಯಾಮ್ ಕೇಳುತ್ತೆ, ಓಎಸ್‌ಗೇ ಒಂದು ಡ್ರೈವ್ ಬಿಟ್ಟುಕೊಡ್ಬೇಕು. ಹಳೇ ಲ್ಯಾಪ್‌ಟಾಪ್‌ಗೆ ಭಾರ. ಕಮಾಂಡ್ ಅಂದ್ರೆ ಭಯನಾ? ಫೋಟೊಗೆ ಬೇರೆ ಡಿಸ್ಕ್ ಇದ್ರೆ ಓಪನ್‌ಮೀಡಿಯಾವಾಲ್ಟ್ ನೋಡಿ. ಎಲ್ಲಾ ಬ್ರೌಸರ್‌ನಲ್ಲೇ ಮಾಡ್ಬಹುದು, ಒಳಗಿರೋದು ಡೆಬಿಯನ್ನೇ.

ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ನಿದ್ದೆ ಹೋಗದ ಹಾಗೆ ಸೆಟ್ಟಿಂಗ್ ಬದಲಾಯಿಸೋದು ಮರೀಬೇಡಿ. ಕರೆಂಟ್ ಹೋದ್ರೆ ಅದರ ಬ್ಯಾಟರಿಯೇ ಯುಪಿಎಸ್. ಬ್ಯಾಟರಿ ಉಬ್ಬಿದ್ರೆ ಮಾತ್ರ ತೆಗೆದುಬಿಡಿ.

ಅಂದ ಹಾಗೆ, ಯಾವ ಓಎಸ್ ಹಾಕಿದ್ರೂ ಬ್ಯಾಕಪ್ ಬೇರೆ ಇರ್ಲೇಬೇಕು. ನನ್ನದು ಒಂದು ಯುಎಸ್‌ಬಿ ಹಾರ್ಡ್‌ಡಿಸ್ಕ್. ಊರಲ್ಲಿ, ಅಮ್ಮನ ಬೀರುವಿನಲ್ಲಿ, ಸೀರೆಗಳ ಕೆಳಗಿದೆ.