ಹರಟೆಗೂ ಒಂದಿಷ್ಟು ಹೊತ್ತಿರಲಿ

"ಹರಟೆ ಹೊಡೆಯುತ್ತಾ ಕೂರಬೇಡ" ಎಂಬ ಮಾತನ್ನು ಮನೆಯಲ್ಲೂ ತರಗತಿಯಲ್ಲೂ ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಓದುವ ಹೊತ್ತಿನಲ್ಲಿ ಅದು ಸರಿಯಾದ ಮಾತೇ. ಆದರೆ ಬಿಡುವಿನಲ್ಲಿ ಗೆಳೆಯರೊಂದಿಗೆ ಆತುರವಿಲ್ಲದೆ ಮಾತನಾಡುವುದೂ ಕಾಲಹರಣವೇ? ಅಲ್ಲ ಎನ್ನುವುದು ನನ್ನ ಅಭಿಪ್ರಾಯ.

ಸ್ನೇಹ ಬೆಳೆಯಲು ಎಷ್ಟು ಸಮಯ ಬೇಕು ಎಂಬುದರ ಬಗ್ಗೆ ಅಮೆರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೆಫ್ರಿ ಹಾಲ್ ಅವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬರೀ ಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ, ನಿಜವಾದ ಗೆಳೆತನವಾಗಲು ಸುಮಾರು 90 ಗಂಟೆ, ಆಪ್ತ ಸ್ನೇಹವಾಗಲು 200 ಗಂಟೆಗೂ ಹೆಚ್ಚು ಬೇಕೆಂಬುದು ಅವರ ಅಂದಾಜು. ಇನ್ನೊಂದು ಮುಖ್ಯ ವಿಷಯವನ್ನೂ ಅವರು ಗಮನಿಸಿದರು. ಒಟ್ಟಿಗೆ ಕೆಲಸ ಮಾಡಿದ ಸಮಯಕ್ಕಿಂತ, ನಗುತ್ತಾ ಮಾತನಾಡುತ್ತಾ ಕಳೆದ ಬಿಡುವಿನ ಸಮಯವೇ ಸ್ನೇಹವನ್ನು ಹೆಚ್ಚು ಬೆಳೆಸುತ್ತದೆ.

ಹಾಗಾದರೆ ಒಂದೇ ಬೆಂಚಿನಲ್ಲಿ ಎರಡು ವರ್ಷ ಕೂತರಷ್ಟೇ ಸಾಲದು. ದಿನಕ್ಕೆ ಅರ್ಧ ಗಂಟೆಯಂತೆ ವರ್ಷದಲ್ಲಿ 200 ದಿನ ಮಾತನಾಡಿದರೆ 100 ಗಂಟೆಯಾಗುತ್ತದೆ. ಪಿಯುಸಿ ಮುಗಿಯುವಷ್ಟರಲ್ಲಿ 200 ಗಂಟೆ! ಆಮೇಲೆ ನಾವೆಲ್ಲ ಒಂದೊಂದು ದಿಕ್ಕಿಗೆ ಹೋಗುವವರು.

ಆತುರವಿಲ್ಲದ ಮಾತಿನಿಂದ ಆಗುವ ದೊಡ್ಡ ಲಾಭವೆಂದರೆ ಮನಸ್ಸಿನಲ್ಲಿರುವುದು ಹೊರಬರುವುದು. ನನ್ನ ಗೆಳೆಯನೊಬ್ಬ (ಅವನ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ) ಕಾಲೇಜು ಬಿಟ್ಟು ಕೆಲಸಕ್ಕೆ ಸೇರುವ ಯೋಚನೆಯಲ್ಲಿದ್ದ. ಕಾರಿಡಾರಿನಲ್ಲಿ "ಹೇಗಿದ್ದೀಯಾ?" ಎಂದಾಗಲೆಲ್ಲ "ಆರಾಮ್" ಎನ್ನುತ್ತಿದ್ದ. ಒಂದು ಶನಿವಾರ ಝುಹರ್ ನಮಾಝ್ ಮುಗಿಸಿ, ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ಮೆಟ್ಟಿಲ ಮೇಲೆ ಕುಳಿತೆವು. ಕ್ರಿಕೆಟ್, ಮದುವೆಮನೆಯ ಬಿರಿಯಾನಿ, ರಸಾಯನಶಾಸ್ತ್ರದ ಪರೀಕ್ಷೆ ಎಲ್ಲವೂ ಬಂದು ಹೋಯಿತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಾದೆವು. ಆಗ ಅವನೇ ಮನೆಯ ಕಷ್ಟ ಹೇಳಿಕೊಂಡ. ಸೋಮವಾರ ಇಬ್ಬರೂ ನಮ್ಮ ತರಗತಿಯ ಉಪನ್ಯಾಸಕರನ್ನು ಕಂಡೆವು. ಅವನ ಓದು ನಿಲ್ಲಲಿಲ್ಲ. ಆ ದಿನ ಬಸ್ಸು ಬೇಗ ಬಂದಿದ್ದರೆ ನನಗೆ ಏನೂ ತಿಳಿಯುತ್ತಿರಲಿಲ್ಲ.

ಇದಕ್ಕೆ ಖರ್ಚೇನೂ ಇಲ್ಲ. ಮೊಬೈಲ್ ಚೀಲದಲ್ಲಿರಲಿ. ಅಂಕಗಳ ಹೋಲಿಕೆ ಬೇಡ. ಅಲ್ಲಿಲ್ಲದವರನ್ನು ಆಡಿಕೊಳ್ಳುವುದೂ ಬೇಡ. ಗೆಳೆಯ "ಆರಾಮ್" ಎಂದರೆ ಅಲ್ಲಿಗೇ ಎದ್ದುಬಿಡದೆ ಇನ್ನೊಂದು ಮಾತು ಕೇಳಿ. ಉತ್ತರ ಬರುವುದು ತಡವಾದರೆ ಕಾಯಿರಿ. ಕೇಳಿದ ಗುಟ್ಟು ನಿಮ್ಮಲ್ಲೇ ಉಳಿಯಲಿ. ಕಷ್ಟ ದೊಡ್ಡದೆನಿಸಿದರೆ ಗೆಳೆಯನನ್ನು ಕೇಳಿಕೊಂಡು, ನಂಬಿಕೆಯಿರುವ ಹಿರಿಯರ ಬಳಿ ಜೊತೆಯಾಗಿ ಹೋಗಿ.