ಬೀದರಿನ ಬೀದಿಯಲ್ಲಿ ಏನು ತಿನ್ನಬೇಕು?

ಪ್ರಶ್ನೆ: ಜಪಾನಿನ ಒಸಾಕಾದಲ್ಲಿ, ದೋತೊಂಬೊರಿ ಬೀದಿಗೆ ಹೋದವರು ತಕೊಯಾಕಿ ತಿನ್ನಲೇಬೇಕಂತೆ. ಬೀದರಿಗೆ ಬಂದವರು?
– ಓದುಗರು, ಔರಾದ

ಉತ್ತರ: ತಕೊಯಾಕಿ ಎಂದರೆ ಆಕ್ಟೋಪಸ್ ತುಂಡು ಸೇರಿಸಿ, ಪಡ್ಡಿನ ಹಂಚಿನಂಥ ಗುಳಿಹಂಚಿನಲ್ಲಿ ಬೇಯಿಸುವ ಹಿಟ್ಟಿನ ಉಂಡೆ. ಬೀದರಿನಲ್ಲಿ ಸಂಜೆಗೆ ಸುಸಲಾ-ಮಿರ್ಚಿ ತಿನ್ನಿ. ಚುರುಮುರಿಯನ್ನು ನೀರಿನಲ್ಲಿ ನೆನೆಸಿ, ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆಯಲ್ಲಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿದರೆ ಸುಸಲಾ. ಜೊತೆಗೆ ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ ಭಜಿ ಬೇಕೇ ಬೇಕು.

ಆಮೇಲೆ ಇರಾನಿ ಚಹಾ. ಬೀದರ್ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ನಂಟು ಈ ಚಹಾದಲ್ಲಿ, ಉಸ್ಮಾನಿಯಾ ಬಿಸ್ಕತ್ತಿನಲ್ಲಿ ಉಳಿದಿದೆ. ಚಹಾ ಡಿಕಾಕ್ಷನ್ನನ್ನೂ ಹಾಲನ್ನೂ ಬೇರೆಬೇರೆ ಕುದಿಸಿ, ಕಪ್ಪಿನಲ್ಲಿ ಕೂಡಿಸುತ್ತಾರೆ; ಹಾಲನ್ನು ದಪ್ಪಗಾಗುವವರೆಗೆ ಕುದಿಸುವುದೇ ಅದರ ಗಟ್ಟಿತನದ ಗುಟ್ಟು.

ಹಳೇ ಊರಿನ ಚೌಬಾರಾ ಗೋಪುರದ ಸುತ್ತ ಸಂಜೆ ಹೊತ್ತು ತಿರುಗಾಡಿ, ಗಿರಾಕಿ ಹೆಚ್ಚಿರುವ ಬಂಡಿಯಲ್ಲಿ ಬಿಸಿಯಾಗಿರುವಾಗಲೇ ತಿನ್ನಿ.